ಯಂತ್ರಕ್ಕೊಂದು ಒರೆಗಲ್ಲು

ವಿದ್ಯಾಪೀಠಗಳು ಕೊಡುವ ಪದವಿಗಳಲ್ಲಿ ಎರಡು ಬಗೆಯುಂಟು. ಇತರರು ಕೇಳಿದ ಪ್ರಶ್ನೆಗೆ, ಇತರರಿಗೆ ಮೊದಲೇ ತಿಳಿದಿರುವ ಉತ್ತರವನ್ನು, ಮೂರು ಗಂಟೆಯೊಳಗೆ ಬರೆದು ತೋರಿಸಿದವರಿಗೆ ದೊರೆಯುವುದು ಒಂದು ಬಗೆ. ಬಿ.ಎ., ಬಿ.ಎಸ್‌ಸಿ., ಬಿ.ಇ. ಎಲ್ಲವೂ ಈ ವರ್ಗಕ್ಕೆ ಸೇರಿದುವು. ಲೋಕದಲ್ಲಿ ಯಾರಿಗೂ ಉತ್ತರ ತಿಳಿಯದ ಪ್ರಶ್ನೆಯೊಂದನ್ನು ತಾನಾಗಿ ಆರಿಸಿಕೊಂಡು, ಅದರೊಡನೆ ವರ್ಷಗಟ್ಟಲೆ ಬಾಳ್ವೆ ಮಾಡಿ, ಉತ್ತರವನ್ನು ತಂದವರಿಗೆ ದೊರೆಯುವುದು ಇನ್ನೊಂದು ಬಗೆ. ಹೆಸರಿನ ಮುಂದೆ 'ಡಾಕ್ಟರ್' ಎಂದು ಬರೆದುಕೊಳ್ಳುವ ಹಕ್ಕನ್ನು ಕೊಡುವುದು ಈ ಎರಡನೆಯದು. ಮೊದಲನೆಯದರಲ್ಲಿ ಗುರುವಿಗೆ ಉತ್ತರ ಗೊತ್ತು, ಶಿಷ್ಯನಿಗೆ ಗೊತ್ತಿಲ್ಲ. ಎರಡನೆಯದರಲ್ಲಿ ಇಬ್ಬರಿಗೂ ಗೊತ್ತಿಲ್ಲ.

ಮಧ್ಯಮವರ್ಗದ ಮನೆಗಳಲ್ಲಿ ಮೊದಲನೆಯ ಬಗೆಯ ಲೆಕ್ಕಾಚಾರ ಎಲ್ಲರಿಗೂ ಬಾಯಿಪಾಠ. ನಾಲ್ಕು ವರ್ಷ ಫೀಜು ಕಟ್ಟಿದರೆ ಬಿ.ಇ.; ಆಮೇಲೆ ಕೆಲಸ; ಆಮೇಲೆ ಮದುವೆಯ ಮಾತು. ಇಂತಹ ಮನೆಯಲ್ಲಿ ಮಗನೋ ಮಗಳೋ ಕೈಗೆ ಬಂದ ಉದ್ಯೋಗದ ಪತ್ರವನ್ನು ಮೇಜಿನ ಮೇಲಿಟ್ಟು, "ಕ್ವಾಂಟಂ ಗಣನೆಯಲ್ಲಿ ಸಂಶೋಧನೆ ಮಾಡಬೇಕೆಂದಿದ್ದೇನೆ" ಎಂದರೆ, ತಂದೆ ಕೇಳುವ ಪ್ರಶ್ನೆ ಒಂದೇ: "ಎಷ್ಟು ವರ್ಷ?" ತಾಯಿ ಕೇಳುವುದೂ ಅದೇ ಪ್ರಶ್ನೆ, ಧ್ವನಿ ಮಾತ್ರ ಬೇರೆ. ಈ ಪ್ರಶ್ನೆಯನ್ನು ಅಲ್ಪವೆಂದು ನಗುವುದು ಸಲ್ಲದು. ಹೊಟ್ಟೆಬಟ್ಟೆ ಕಟ್ಟಿ ಓದಿಸಿದವರಿಗೆ ಅದನ್ನು ಕೇಳುವ ಅಧಿಕಾರವುಂಟು. ಉತ್ತರ ಹೇಳಲು ಬರುವುದಿಲ್ಲವೆಂಬುದೇ ತೊಡಕು. ಅದೇಕೆ ಬರುವುದಿಲ್ಲವೆಂಬುದನ್ನು, ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಸುಮಾರು ಮೂವತ್ತು ವರ್ಷಗಳ ಅಂತರದಲ್ಲಿ ಓದಿದ ಇಬ್ಬರು ವಿದ್ಯಾರ್ಥಿಗಳ ಕಥೆ ಚೆನ್ನಾಗಿ ತಿಳಿಸುತ್ತದೆ.

ಕಥೆಗೆ ಮುನ್ನ ಕ್ವಾಂಟಂ ಗಣಕವೆಂದರೇನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಸಾಮಾನ್ಯ ಗಣಕಯಂತ್ರವು ಎಲ್ಲವನ್ನೂ ಸೊನ್ನೆ, ಒಂದು ಎಂಬ ಎರಡೇ ಅಂಕೆಗಳಲ್ಲಿ ಬರೆದುಕೊಳ್ಳುತ್ತದೆ. ಅದರ ಒಂದೊಂದು ಮನೆಯಲ್ಲಿಯೂ ಸೊನ್ನೆ ಇರಬೇಕು, ಇಲ್ಲವೆ ಒಂದು ಇರಬೇಕು. ಪರಮಾಣುಗಳ ಲೋಕದಲ್ಲಿ ಈ 'ಇಲ್ಲವೆ' ನಡೆಯದು. ಅಲ್ಲಿನ ವಸ್ತು ಎರಡು ಸ್ಥಿತಿಗಳ ಮಿಶ್ರಣದಲ್ಲಿ ಇರಬಲ್ಲುದು. ನೋಡಹೋದ ಕ್ಷಣದಲ್ಲಿ ಮಿಶ್ರಣವು ಅಳಿದು ಒಂದೇ ಸ್ಥಿತಿ ಉಳಿಯುತ್ತದೆ. ಅಂತಹ ಮನೆಗೆ ಕ್ಯೂಬಿಟ್ ಎಂದು ಹೆಸರು. ಒಂದೊಂದು ಕ್ಯೂಬಿಟ್ ಸೇರಿದಾಗಲೂ ಮಿಶ್ರಣದ ವಿಸ್ತಾರ ಇಮ್ಮಡಿಯಾಗುತ್ತದೆ. 50 ಕ್ಯೂಬಿಟ್‌ಗಳ ಸ್ಥಿತಿಯನ್ನು ಕಾಗದದ ಮೇಲೆ ವರ್ಣಿಸಬೇಕಾದರೆ 1,000 ಲಕ್ಷ ಕೋಟಿಗೂ ಮಿಕ್ಕ ಸಂಖ್ಯೆಗಳು ಬೇಕು. ಎಲ್ಲ ಲೆಕ್ಕವನ್ನೂ ಒಟ್ಟಿಗೇ ಮಾಡಿ ಮುಗಿಸುವ ಮಾಯಾಯಂತ್ರವೆಂದು ಪತ್ರಿಕೆಗಳಲ್ಲಿ ಇದನ್ನು ಹೊಗಳುವುದುಂಟು. ಅದು ಸರಿಯಲ್ಲ. ಕೇಳಿದಾಗ ಕೈಗೆ ಬರುವುದು ಒಂದೇ ಉತ್ತರ. ತಪ್ಪು ಉತ್ತರಗಳು ಅಲೆಗಳಂತೆ ಒಂದನ್ನೊಂದು ಹೊಡೆದುಹಾಕಿ ಸರಿಯಾದುದು ಉಳಿಯುವಂತೆ ಲೆಕ್ಕವನ್ನು ಹೆಣೆಯುವುದೇ ಈ ಶಾಸ್ತ್ರದ ಕೌಶಲ. ಕೆಲವೇ ಲೆಕ್ಕಗಳು ಹಾಗೆ ಹೆಣೆಯಲು ಬಗ್ಗುತ್ತವೆ.

ಇಬ್ಬರಲ್ಲಿ ಮೊದಲನೆಯವರು ಜಾನ್ ಮಾರ್ಟಿನಿಸ್. 1980ರ ದಶಕದಲ್ಲಿ ಅವರು ಬರ್ಕ್‌ಲಿಯಲ್ಲಿ ಜಾನ್ ಕ್ಲಾರ್ಕ್ ಎಂಬ ಪ್ರಾಧ್ಯಾಪಕರ ಬಳಿ ಸಂಶೋಧನ ವಿದ್ಯಾರ್ಥಿಯಾಗಿದ್ದರು. ಫ್ರಾನ್ಸಿನಿಂದ ಬಂದಿದ್ದ ಮಿಷೆಲ್ ಡೆವೊರೆ ಅದೇ ಪ್ರಯೋಗಶಾಲೆಯಲ್ಲಿ ಜೊತೆಗಾರರು. ಅವರ ಮುಂದಿದ್ದ ಪ್ರಶ್ನೆ ಕೇಳಲು ಸರಳ. ಪರಮಾಣುವಿನಷ್ಟು ಸಣ್ಣ ವಸ್ತು ವಿಚಿತ್ರವಾಗಿ ನಡೆದುಕೊಳ್ಳುತ್ತದೆ, ಸರಿ. ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡದಾದ ವಿದ್ಯುನ್ಮಂಡಲವೂ ಹಾಗೆ ನಡೆದುಕೊಂಡೀತೆ? ಗೋಡೆಯ ಈಚೆಗಿದ್ದ ಚೆಂಡು ಗೋಡೆಯನ್ನು ಹತ್ತದೆಯೇ ಆಚೆ ಕಾಣಿಸಿಕೊಂಡೀತೆ?

ಉತ್ತರವನ್ನು ಹುಡುಕಲು, ಎರಡು ಅತಿವಾಹಕಗಳ ನಡುವೆ ವಿದ್ಯುತ್ತನ್ನು ಹರಿಯಗೊಡದ ತೆಳುವಾದ ಪದರವೊಂದನ್ನಿಟ್ಟು ಮಂಡಲವನ್ನು ರಚಿಸಿ, ಅದನ್ನು ಸೊನ್ನೆಗಿಂತ ಸುಮಾರು 273 ಡಿಗ್ರಿ ಕೆಳಗೆ, ಅಂದರೆ ಚಳಿಯ ಕಟ್ಟಕಡೆಯ ಮೆಟ್ಟಿಲಿನ ಸಮೀಪಕ್ಕೆ, ತಂಪುಗೊಳಿಸಬೇಕಾಗಿತ್ತು. ಅದಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇದ್ದಿತು. ಕೋಣೆಯ ಬಿಸಿಯಿಂದ ಹುಟ್ಟಿದ ವಿದ್ಯುತ್ ಗದ್ದಲವು ಅಳತೆಯ ತಂತಿಗಳ ಮೂಲಕವೇ ಕೆಳಗಿಳಿದು ಮಂಡಲವನ್ನು ಕೆಣಕುತ್ತಿತ್ತು. ಚೆಂಡು ಗೋಡೆಯನ್ನು ತಾನಾಗಿ ದಾಟಿತೋ, ಹೊರಗಿನಿಂದ ಯಾರಾದರೂ ತಳ್ಳಿದರೋ ಎಂದು ಹೇಳುವಂತಿರಲಿಲ್ಲ. ತಾಮ್ರದ ಪುಡಿಯನ್ನು ತುಂಬಿದ ನಳಿಗೆಗಳ ಮೂಲಕ ತಂತಿಗಳನ್ನು ಹಾಯಿಸಿ ಅವರು ಆ ಗದ್ದಲವನ್ನು ಸೋಸಿದರು. ('ಶೋಧಿಸು' ಎಂಬ ಪದಕ್ಕೆ ಹುಡುಕು ಎಂಬುದರ ಜೊತೆಗೆ ಸೋಸು, ಶುದ್ಧಿಮಾಡು ಎಂಬ ಅರ್ಥವೂ ಉಂಟು. ಸಂಶೋಧನೆಯಲ್ಲಿ ಹೆಚ್ಚು ಕಾಲ ಹಿಡಿಯುವುದು ಈ ಎರಡನೆಯ ಕೆಲಸವೇ.) 1984 ಮತ್ತು 1985ರಲ್ಲಿ ನಡೆದ ಆ ಪ್ರಯೋಗಗಳು, ಮಂಡಲವು ಗೋಡೆಯನ್ನು ಭೇದಿಸಿ ಹಾಯುವುದನ್ನೂ, ಅದರ ಶಕ್ತಿ ಇಳಿಜಾರಿನಂತಿರದೆ ಮೆಟ್ಟಿಲು ಮೆಟ್ಟಿಲಾಗಿರುವುದನ್ನೂ ತೋರಿಸಿಕೊಟ್ಟುವು.

ಇದರಿಂದೇನು ಪ್ರಯೋಜನವೆಂದು ಮನೆಯ ಹಿರಿಯರು ಆಗ ಕೇಳಿದ್ದರೆ ವಿದ್ಯಾರ್ಥಿಯ ಬಳಿ ತಕ್ಕ ಉತ್ತರ ಇರುತ್ತಿರಲಿಲ್ಲ. ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚ್ ಕ್ವಾಂಟಂ ಗಣಕದ ಕಲ್ಪನೆಗೆ ಗಣಿತದ ರೂಪವನ್ನು ಕೊಟ್ಟುದೇ 1985ರಲ್ಲಿ. ಅಂತಹ ಯಂತ್ರದಿಂದ ದೊಡ್ಡ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯಬಹುದೆಂದು ಪೀಟರ್ ಶೋರ್ ತೋರಿಸಿ ಲೋಕವನ್ನು ಎಚ್ಚರಿಸಿದುದು 1994ರಲ್ಲಿ. ಬರ್ಕ್‌ಲಿಯ ಪ್ರಯೋಗದ ಮಂಡಲದ ವಂಶದಲ್ಲಿಯೇ ಮುಂದೆ ಕ್ಯೂಬಿಟ್ ಹುಟ್ಟಿತು. 2025ರಲ್ಲಿ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಮೂವರಿಗೂ ಆ ಕೆಲಸಕ್ಕಾಗಿಯೇ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ನಡುವೆ ಕಳೆದುದು ನಾಲ್ವತ್ತು ವರ್ಷ.

ಆ ನಾಲ್ವತ್ತು ವರ್ಷಗಳಲ್ಲಿ ಒಂದು ಸ್ವಾರಸ್ಯದ ಜಗಳವೂ ನಡೆದುಹೋಯಿತು. 2019ರಲ್ಲಿ ಗೂಗಲ್ ಸಂಸ್ಥೆಯವರು, ಮಾರ್ಟಿನಿಸರ ಮುಂದಾಳುತನದಲ್ಲಿ ಕಟ್ಟಿದ 53 ಕ್ಯೂಬಿಟ್‌ಗಳ ಯಂತ್ರವು 200 ಸೆಕೆಂಡುಗಳಲ್ಲಿ ಮಾಡಿದ ಲೆಕ್ಕಕ್ಕೆ ಅಂದಿನ ಅತ್ಯಂತ ಬಲಿಷ್ಠವಾದ ಸಾಮಾನ್ಯ ಗಣಕಕ್ಕೂ 10,000 ವರ್ಷ ಬೇಕೆಂದು ಸಾರಿದರು. ಐ.ಬಿ.ಎಂ. ಸಂಸ್ಥೆಯವರು ಎರಡೂವರೆ ದಿನ ಸಾಕೆಂದು ಮರುನುಡಿದರು. ಕೆಲವೇ ವರ್ಷಗಳಲ್ಲಿ ಬೇರೆ ಸಂಶೋಧಕರು ಸಾಮಾನ್ಯ ಯಂತ್ರಗಳ ಸಮೂಹವನ್ನು ಹೂಡಿ ಅದನ್ನು ಗಂಟೆಗಳ ಲೆಕ್ಕಕ್ಕೆ ಇಳಿಸಿದರು. ಯಾರು ಗೆದ್ದರೆಂಬುದು ಹಾಗಿರಲಿ. 10,000 ವರ್ಷದ ಲೆಕ್ಕವೇ ನಿಜವಾಗಿದ್ದ ಪಕ್ಷದಲ್ಲಿ, ಯಂತ್ರ ಕೊಟ್ಟ ಉತ್ತರ ಸರಿಯೆಂದು ನೋಡಿ ಹೇಳಲು ಯಾರು ಬದುಕಿರುತ್ತಾರೆ?

ಈ ಪ್ರಶ್ನೆ 2019ಕ್ಕೆ ಎಷ್ಟೋ ಮುಂಚೆಯೇ ಎದ್ದಿತ್ತು. ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುವ ಲೆಕ್ಕದಲ್ಲಿ ತೊಂದರೆಯಿಲ್ಲ. ಬಂದ ಎರಡು ಸಂಖ್ಯೆಗಳನ್ನು ಗುಣಿಸಿ ನೋಡಿದರೆ ಆಯಿತು. ಆದರೆ ದೊಡ್ಡದೊಂದು ಅಣುಪುಂಜದ ನಡತೆಯನ್ನು ಕೇಳಿದರೆ, ಉತ್ತರವನ್ನು ಗುಣಿಸಿ ನೋಡುವ ಉಪಾಯವಿಲ್ಲ. ಯಂತ್ರದ ಹೊಟ್ಟೆಯನ್ನು ತೆರೆದು ನೋಡೋಣವೆಂದರೆ ನೋಡಿದ ಕ್ಷಣದಲ್ಲಿ ಮಿಶ್ರಣ ಅಳಿಯುತ್ತದೆ. ಇನ್ನೊಂದು ಕ್ವಾಂಟಂ ಯಂತ್ರದಿಂದ ಪರೀಕ್ಷಿಸೋಣವೆಂದರೆ ಅದನ್ನು ನಂಬುವುದು ಹೇಗೆ? ಮನೆಯೊಡತಿಗೆ ಚಿನ್ನ ಕರಗಿಸಲು ಬಾರದು. ಆದರೂ ಒಡವೆಯನ್ನು ಒರೆಗಲ್ಲಿಗೆ ಹಚ್ಚಿ ನೋಡಬಲ್ಲಳು. ತನಗಿಂತ ಸಾವಿರಪಾಲು ಬಲಿಷ್ಠವಾದ ಯಂತ್ರವನ್ನು ಸಾಮಾನ್ಯ ಗಣಕವುಳ್ಳ ಸಾಮಾನ್ಯ ಮನುಷ್ಯ ಒರೆಹಚ್ಚಿ ನೋಡಬಹುದಾದ ಕಲ್ಲೊಂದು ಉಂಟೆ?

ಬರ್ಕ್‌ಲಿಯ ಎರಡನೆಯ ವಿದ್ಯಾರ್ಥಿ ಊರ್ಮಿಳಾ ಮಹಾದೇವ್ ಹಿಡಿದು ಕುಳಿತ ಪ್ರಶ್ನೆ ಇದು. ಅವರ ಗುರು ಉಮೇಶ್ ವಜೀರಾನಿ, ಭಾರತ ಮೂಲದವರು. ಈ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರು. ಪರೀಕ್ಷಕನ ಕೈಯಲ್ಲಿ ಸಣ್ಣದೊಂದು ಕ್ವಾಂಟಂ ಉಪಕರಣವಿದ್ದರೆ, ಅಥವಾ ಒಂದರೊಡನೊಂದು ಮಾತನಾಡಲಾಗದ ಎರಡು ಕ್ವಾಂಟಂ ಯಂತ್ರಗಳಿದ್ದರೆ ಪರೀಕ್ಷೆ ಸಾಧ್ಯವೆಂಬಷ್ಟು ಆಗಲೇ ತಿಳಿದಿತ್ತು. ಯಂತ್ರ ಒಂದೇ ಇದ್ದು, ಪರೀಕ್ಷಕನ ಕೈ ಬರಿದಾಗಿದ್ದರೆ ಏನು ಗತಿಯೆಂಬುದು ತಿಳಿದಿರಲಿಲ್ಲ.

2017ರ ವಸಂತದ ಹೊತ್ತಿಗೆ ಊರ್ಮಿಳಾ ಅವರ ಏಳನೆಯ ವರ್ಷ ನಡೆದಿತ್ತು. ಆ ವೇಳೆಗೆ ಇದಕ್ಕೆ ನಂಟಿರುವ ಬೇರೊಂದು ಕಠಿನವಾದ ಸಮಸ್ಯೆಯನ್ನು ಅವರು ಬಿಡಿಸಿದ್ದರು: ಕೊಟ್ಟ ಲೆಕ್ಕ ಯಾವುದೆಂಬುದು ಯಂತ್ರಕ್ಕೇ ತಿಳಿಯದಂತೆ ಅದರಿಂದ ಲೆಕ್ಕ ಮಾಡಿಸುವ ಬಗೆ. ಒಳ್ಳೆಯ ಪ್ರೌಢಪ್ರಬಂಧಕ್ಕೆ ಅಷ್ಟು ಧಾರಾಳವಾಗಿ ಸಾಕಾಗಿತ್ತು. ಓರಗೆಯವರು ಬರೆದು ಒಪ್ಪಿಸಿ ಹೊರಟುಹೋಗುವ ಕಾಲ. ಅವರು ಹೊರಡಲಿಲ್ಲ. ಐದು ವರ್ಷಗಳಿಗೂ ಮಿಕ್ಕು ಕಾಡುತ್ತಿದ್ದ ಪ್ರಶ್ನೆ ಇನ್ನೂ ಕೈಗೆ ಸಿಕ್ಕಿರಲಿಲ್ಲ. ರಾಮಾಯಣದ ಊರ್ಮಿಳೆ ಹದಿನಾಲ್ಕು ವರ್ಷ ಕಾದಳು; ಕವಿಗಳು ಆಕೆಯನ್ನು ಮರೆತರೆಂದು ಸಹೃದಯರು ನೊಂದುಕೊಳ್ಳುವುದುಂಟು. ಈ ಊರ್ಮಿಳೆ ಎಂಟು ವರ್ಷಕ್ಕೆ ಮುಗಿಸಿದರು, ಲೋಕವೂ ಮರೆಯಲಿಲ್ಲ. 2018ರಲ್ಲಿ ಪ್ರಬಂಧ ಹೊರಬಂದಿತು. ಆ ವರ್ಷ ಪ್ಯಾರಿಸ್ಸಿನಲ್ಲಿ ಸೇರಿದ ಗಣಕಶಾಸ್ತ್ರಜ್ಞರ ಸಮ್ಮೇಳನವು ಅದಕ್ಕೆ ಅತ್ಯುತ್ತಮ ಪ್ರಬಂಧ, ಅತ್ಯುತ್ತಮ ವಿದ್ಯಾರ್ಥಿಪ್ರಬಂಧ ಎಂಬ ಎರಡು ಗೌರವಗಳನ್ನೂ ಕೊಟ್ಟಿತು.

ಅವರು ಕಂಡುಕೊಂಡ ಒರೆಗಲ್ಲನ್ನು ನ್ಯಾಯಾಲಯದ ಪಾಟೀಸವಾಲಿಗೆ ಹೋಲಿಸಬಹುದು. ಪರೀಕ್ಷಕನು ಯಂತ್ರಕ್ಕೆ ಒಂದು ಗುಟ್ಟಿನ ಸೂತ್ರವನ್ನು ಕೊಡುತ್ತಾನೆ. ಆ ಸೂತ್ರದಿಂದ ಹುಟ್ಟುವ ಒಂದೊಂದು ಬೀಗಕ್ಕೂ ಎರಡೆರಡು ಕೀಲಿಕೈ. ಯಂತ್ರವು ತನ್ನ ಕ್ವಾಂಟಂ ಬಲದಿಂದ ಎರಡು ಕೀಲಿಕೈಗಳನ್ನೂ ಮಿಶ್ರಣವಾಗಿ ಹೊಟ್ಟೆಯಲ್ಲಿ ಇಟ್ಟುಕೊಂಡು, ಬೀಗ ಯಾವುದೆಂದು ಮಾತ್ರ ಹೇಳುತ್ತದೆ. ಸೂತ್ರದ ಗುಟ್ಟನ್ನು ಬಲ್ಲ ಪರೀಕ್ಷಕನಿಗೆ ಎರಡು ಕೀಲಿಕೈಗಳೂ ಗೊತ್ತು. ಹೊಟ್ಟೆಯಲ್ಲಿ ಇಟ್ಟುಕೊಂಡ ಯಂತ್ರಕ್ಕೇ ಗೊತ್ತಿಲ್ಲ. ಅದು ನೋಡಹೋದರೆ ಒಂದು ಸಿಕ್ಕುತ್ತದೆ, ಇನ್ನೊಂದು ಅಳಿಯುತ್ತದೆ! ಹೀಗೆ ಸಾಕ್ಷಿಯು ತನ್ನ ಮಾತಿನಿಂದಲೇ ಕಟ್ಟುಬೀಳುತ್ತದೆ. ಆ ಬಳಿಕವೇ ಪರೀಕ್ಷಕನು ನಾಣ್ಯ ಚಿಮ್ಮಿ, ಒಂದು ಸಲ 'ಕೀಲಿಕೈ ತೋರಿಸು' ಎಂದೂ, ಇನ್ನೊಂದು ಸಲ 'ಲೆಕ್ಕದ ಫಲ ಹೇಳು' ಎಂದೂ ಕೇಳುತ್ತಾನೆ. ಯಾವುದನ್ನು ಕೇಳುವನೆಂದು ಮೊದಲೇ ತಿಳಿಯದುದರಿಂದ, ಎರಡಕ್ಕೂ ಹೊಂದುವ ಸುಳ್ಳನ್ನು ಕಟ್ಟಲು ಯಂತ್ರಕ್ಕೆ ಆಗುವುದಿಲ್ಲ. ಸುಳ್ಳುಸಾಕ್ಷಿಯನ್ನು ಹಿಡಿಯುವ ವಕೀಲರು ಮಾಡುವುದೂ ಇದನ್ನೇ ತಾನೆ?

ಇಷ್ಟಕ್ಕೂ ಒಂದು ಆಧಾರ ಬೇಕು: ಆ ಸೂತ್ರದ ಗುಟ್ಟನ್ನು ಕ್ವಾಂಟಂ ಯಂತ್ರವೂ ಒಡೆಯಬಾರದು. ಅದಕ್ಕಾಗಿ ಆಯ್ದುಕೊಂಡುದು 'ಜಾಲಕ'ಗಳ ಗಣಿತ. ಅಂಗಳದಲ್ಲಿ ಇಟ್ಟ ರಂಗೋಲಿಯ ಚುಕ್ಕಿಗಳನ್ನು ಊಹಿಸಿಕೊಳ್ಳಿ. ಚುಕ್ಕಿಯಿಂದ ತುಸು ಅತ್ತಿತ್ತ ಒಂದು ಅಕ್ಕಿಕಾಳು ಬಿದ್ದಿದ್ದರೆ, ಅದಕ್ಕೆ ಹತ್ತಿರದ ಚುಕ್ಕಿ ಯಾವುದೆಂದು ಮಗುವೂ ತೋರಿಸುತ್ತದೆ. ಆದರೆ ಅಂಗಳಕ್ಕೆ ಎರಡು ದಿಕ್ಕಿಗೆ ಬದಲು ನೂರಾರು ದಿಕ್ಕುಗಳಿದ್ದರೆ? ಇದನ್ನು ಬೇಗ ಬಿಡಿಸುವ ದಾರಿ ಸಾಮಾನ್ಯ ಗಣಕಕ್ಕೂ ತಿಳಿದಿಲ್ಲ, ಕ್ವಾಂಟಂ ಗಣಕಕ್ಕೂ ತಿಳಿದಿಲ್ಲ. ದಾರಿಯೇ ಇಲ್ಲವೆಂದು ಸಾಧಿಸಿದವರೂ ಇಲ್ಲ. ಒರೆಗಲ್ಲಿನ ಕೆಳಗೆ ಇರುವುದು ಗಟ್ಟಿಯಾದ ನಂಬಿಕೆ, ಬಂಡೆಯಲ್ಲ. ಪೂರ್ಣಪ್ರಮಾಣದ ಈ ಪರೀಕ್ಷೆಯನ್ನು ನಡೆಸುವಷ್ಟು ದೊಡ್ಡ ಯಂತ್ರವೂ ಇನ್ನೂ ಕಟ್ಟಿಲ್ಲ. ಇದರ ಸಣ್ಣ ನೆಂಟರನ್ನು ಮಾತ್ರ ಪ್ರಯೋಗಶಾಲೆಗಳಲ್ಲಿ ಆಡಿಸಿ ನೋಡಿದ್ದಾರೆ. ಊರ್ಮಿಳಾ ಮಹಾದೇವ್ ಮುಂದೆ ಕ್ಯಾಲ್‌ಟೆಕ್ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. 2021ರ ಮರಿಯಂ ಮಿರ್ಜಾಖಾನಿ ಸ್ಮಾರಕ ಬಹುಮಾನಕ್ಕೆ ಪಾತ್ರರಾದ ಮೂವರಲ್ಲಿ ಅವರೂ ಒಬ್ಬರು.

ಎಲ್ಲ ಪ್ರಶ್ನೆಗಳೂ ಎಂಟು ವರ್ಷ ಕೇಳುತ್ತವೆಂದು ಹೆದರಬೇಕಾಗಿಲ್ಲ. ಹೊರಟ ಊರಿಗೇ ತಲಪುತ್ತವೆಂದು ನಂಬಲೂ ಬೇಕಾಗಿಲ್ಲ. 2018ರಲ್ಲಿಯೇ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಹದಿನೆಂಟರ ಹರೆಯದ ಇವಿನ್ ಟ್ಯಾಂಗ್ ಎಂಬ ವಿದ್ಯಾರ್ಥಿಗೆ, ಕ್ವಾಂಟಂ ಯಂತ್ರವು ಬಹು ವೇಗವಾಗಿ ಮಾಡಬಲ್ಲ ಒಂದು ಲೆಕ್ಕವನ್ನು ಸಾಮಾನ್ಯ ಗಣಕ ಅಷ್ಟು ಬೇಗ ಮಾಡಲಾರದೆಂದು ಸಾಧಿಸುವ ಕೆಲಸವನ್ನು ಗುರುಗಳು ಕೊಟ್ಟಿದ್ದರು. ಸಾಧಿಸಹೊರಟ ಟ್ಯಾಂಗ್ ಅದಕ್ಕೆ ತಕ್ಕ ವೇಗದ ಸಾಮಾನ್ಯ ವಿಧಾನವನ್ನೇ ಕಂಡುಹಿಡಿದುಬಿಟ್ಟರು! ಕ್ವಾಂಟಂ ಪಕ್ಷಕ್ಕೆ ಅದು ಸೋಲು, ವಿದ್ಯೆಗೆ ಲಾಭ. ಇದೂ ಪದವಿಗೆ ಸಲ್ಲುವ ಕೆಲಸವೇ.

ಇನ್ನು ನಮ್ಮೂರಿನ ಮಾತು. ಕೇಂದ್ರ ಸರ್ಕಾರವು 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆಯಿತ್ತು 6,003.65 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಅದರ ಅವಧಿಯೂ, ಸ್ವಾರಸ್ಯವೆಂದರೆ, ಎಂಟು ವರ್ಷ. ಅದರ ನಾಲ್ಕು ಕೇಂದ್ರಗಳಲ್ಲಿ ಗಣನೆಯ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಗಿಯೇ ಉಳಿದಿರುವ ಅದೇ ಸಂಸ್ಥೆಯಲ್ಲಿ ಕ್ವಾಂಟಂ ತಂತ್ರಜ್ಞಾನದ ಎಂ.ಟೆಕ್. ತರಗತಿಯೂ ಉಂಟು. ಸರ್ ಸಿ. ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಬೆಳಕಿನ ಕಣಗಳನ್ನು ಹಿಡಿದು ಇದೇ ಶಾಸ್ತ್ರದ ಕೆಲಸ ನಡೆಯುತ್ತದೆ. ಎಂ.ಎಸ್‌ಸಿ. ಭೌತಶಾಸ್ತ್ರ ಮುಗಿಸಿದವರು, ಬಿ.ಇ. ಮುಗಿಸಿದವರು, ಗಣಿತದವರು, ಎಲ್ಲರಿಗೂ ಬಾಗಿಲುಗಳುಂಟು. ಗೇಟ್, ಜೆಸ್ಟ್, ನೆಟ್ ಎಂಬ ಪರೀಕ್ಷೆಗಳನ್ನೂ ಆಮೇಲೆ ಸಂದರ್ಶನವನ್ನೂ ದಾಟಬೇಕು.

ವೇತನದ ಲೆಕ್ಕ ಹೀಗಿದೆ. ಕಿರಿಯ ಸಂಶೋಧಕರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000 ರೂಪಾಯಿ, ಅದರ ಮೇಲೆ ಮನೆಬಾಡಿಗೆಯ ಭತ್ಯೆ ಎಂದು ಗೊತ್ತಾಯಿತು. ಹೊಟ್ಟೆಗೆ ಸಾಲದೆನ್ನುವಂತಿಲ್ಲ, ಜೊತೆಯಲ್ಲಿ ಓದಿ ಕಂಪನಿ ಸೇರಿದ ಗೆಳೆಯನ ಸಂಬಳದ ಪಕ್ಕದಲ್ಲಿ ಇಟ್ಟು ನೋಡಬಾರದು, ಅಷ್ಟೆ. ನಿಜವಾದ ತೊಡಕು ಬೇರೆಡೆಯಿದೆ. ಈ ವೇತನದ ಅವಧಿ ಒಟ್ಟು ಐದು ವರ್ಷ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮದಂತೆ ಪ್ರಬಂಧ ಒಪ್ಪಿಸಲು ಆರು ವರ್ಷ, ಕೋರಿಕೊಂಡರೆ ಇನ್ನೆರಡು, ಹೆಂಗಸರಿಗೆ ಅದರ ಮೇಲೆಯೂ ಎರಡು ವರ್ಷ ಅವಕಾಶವುಂಟು. ಹಣ ಐದಕ್ಕೆ ನಿಂತು, ಕೆಲಸ ಏಳಕ್ಕೆ ಮುಗಿಯುವುದಾದರೆ ನಡುವಿನ ಎರಡು ವರ್ಷವನ್ನು ಹೊರುವುದು ಮನೆಯೇ, ಇಲ್ಲವೆ ಗುರುಗಳು ಬೇರೆಡೆಯಿಂದ ತಂದ ಯೋಜನೆಯ ಹಣವೇ. "ಎಷ್ಟು ವರ್ಷ?" ಎಂದು ಕೇಳುವ ತಂದೆ ಈ ಎರಡು ವರ್ಷದ ಮಾತನ್ನು ಮಗಳೊಡನೆ ಮೊದಲೇ ಕುಳಿತು ಆಡುವುದು ಒಳ್ಳೆಯದು. ಸಂಸ್ಥೆಯ ಹೆಸರಿಗಿಂತ ಗುರುವಿನ ಹೆಸರು ಮುಖ್ಯವೆಂಬುದೂ ತಿಳಿದಿರಲಿ. ಅವರ ಹಿಂದಿನ ಶಿಷ್ಯರು ಎಷ್ಟೆಷ್ಟು ವರ್ಷ ತೆಗೆದುಕೊಂಡರು, ಈಗ ಎಲ್ಲಿದ್ದಾರೆ ಎಂದು ಸೇರುವ ಮೊದಲು ವಿಚಾರಿಸುವುದರಲ್ಲಿ ಅವಮರ್ಯಾದೆಯೇನೂ ಇಲ್ಲ.

ಕಪ್ಪು ಹಲಗೆಯೋ, ಶೈತ್ಯಯಂತ್ರವೋ ಎಂಬುದನ್ನೂ ಮೊದಲೇ ಆರಿಸಿಕೊಳ್ಳಬೇಕು. ಊರ್ಮಿಳಾ ಅವರ ದಾರಿಗೆ ಬೇಕಾದುದು ಹಲಗೆ, ಸೀಮೆಸುಣ್ಣ, ಗಣಿತ. ಮಾರ್ಟಿನಿಸರ ದಾರಿಯಲ್ಲಿ ತಂತಿ, ಬೆಸುಗೆ, ಹೀಲಿಯಂ ಸೋರಿಕೆ. ಕ್ಯೂಬಿಟ್‌ಗಳ ಶೈತ್ಯಯಂತ್ರವನ್ನು ತಣಿಸಲು ಒಂದೆರಡು ದಿನ ಬೇಕು. ತಣಿದ ಮೇಲೆ ಒಂದು ಬೆಸುಗೆ ಬಿಟ್ಟಿದೆಯೆಂದು ಕಂಡರೆ, ಮತ್ತೆ ಬೆಚ್ಚಗಾಗಿಸಿ, ತೆರೆದು, ಸರಿಪಡಿಸಿ, ಮರಳಿ ತಣಿಸಬೇಕು. ವಾರವೊಂದು ಹೋಯಿತು. ಇಂತಹ ವಾರಗಳು ವರ್ಷಕ್ಕೆ ಎಷ್ಟು ಬರುತ್ತವೆಂಬುದನ್ನು ಯಾವ ನಿಯಮಾವಳಿಯೂ ಹೇಳುವುದಿಲ್ಲ.

ಪದವಿ ಬಂದ ಮೇಲೂ ಪ್ರಶ್ನೆ ಮುಗಿಯದು. ಆ ರಂಗೋಲಿಯ ಚುಕ್ಕಿಗಳ ನಂಬಿಕೆ ಇದ್ದಿತಷ್ಟೆ. 2024ರ ಏಪ್ರಿಲ್‌ನಲ್ಲಿ ಚೀನಾದ ಸಂಶೋಧಕರೊಬ್ಬರು, ಅದರ ಕೆಲವು ರೂಪಗಳನ್ನು ಕ್ವಾಂಟಂ ಗಣಕ ಬೇಗ ಬಿಡಿಸಬಲ್ಲುದೆಂದು ಪ್ರಬಂಧವನ್ನು ಪ್ರಕಟಿಸಿದರು. ಒಂದು ವಾರ ಕಾಲ ಜಗತ್ತಿನ ಗುಪ್ತಲಿಪಿಶಾಸ್ತ್ರಜ್ಞರಿಗೆ ನಿದ್ರೆಯಿಲ್ಲ. ಊರ್ಮಿಳಾ ಅವರ ಒರೆಗಲ್ಲೊಂದೇ ಅಲ್ಲ, ನಾಳಿನ ಬ್ಯಾಂಕು, ಅಂಚೆ, ಸರ್ಕಾರದ ಗುಟ್ಟುಗಳನ್ನು ಕಾಯಲೆಂದು ಹೊಸದಾಗಿ ಆರಿಸಿದ್ದ ಬೀಗಗಳಲ್ಲಿ ಹೆಚ್ಚಿನವೂ ಆ ಜಾಲಕಗಳ ಮೇಲೆಯೇ ನಿಂತಿದ್ದುವು. ಬಳಿಕ ಪ್ರಬಂಧದ ಒಂಬತ್ತನೆಯ ಹೆಜ್ಜೆಯಲ್ಲಿ ತಪ್ಪು ಕಂಡುಬಂದಿತು. ಲೇಖಕರು ಅದನ್ನು ತಾವಾಗಿ ಒಪ್ಪಿ ಪ್ರಬಂಧದ ಮೊದಲ ಪುಟದಲ್ಲಿಯೇ ಬರೆದರು. ತಪ್ಪನ್ನು ಒಬ್ಬರಿಗೊಬ್ಬರು ತಿಳಿಯದಂತೆ ಪ್ರತ್ಯೇಕವಾಗಿ ಕಂಡವರು ಇಬ್ಬರು. ಒಬ್ಬರು ಥಾಮಸ್ ವಿಡಿಕ್, ವಜೀರಾನಿಯವರ ಬಳಿಯೇ ಬರ್ಕ್‌ಲಿಯಲ್ಲಿ ಪ್ರಬಂಧ ಬರೆದು ಪದವಿ ಪಡೆದಿದ್ದವರು. ಇನ್ನೊಬ್ಬರು ಹಾಂಗ್‌ಷುನ್ ವು. ಆಗಿನ್ನೂ ಬರ್ಕ್‌ಲಿಯಲ್ಲಿ ಸಂಶೋಧನ ವಿದ್ಯಾರ್ಥಿ.